ಹೆಸರಿನಲ್ಲಿ ನಾಡನ್ನು ಹೊತ್ತ ಗಾಯಕಿ

ನಮ್ಮ ದೊಡ್ಡಪ್ಪನವರ ಮನೆಯಲ್ಲಿ ಕೀಲಿ ಕೊಟ್ಟು ನುಡಿಸುವ ಗ್ರಾಮಫೋನ್ ಇದ್ದುದು ಬಂಧುಗಳಲ್ಲಿ ಹಿರಿಯರಿಗೆ ನೆನಪಿರಬಹುದು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಹಾಡುವ ಆ ಭಾರವಾದ ತಟ್ಟೆಗಳನ್ನು ಮುಟ್ಟಲು ಮಕ್ಕಳಾದ ನಮಗೆ ಅಪ್ಪಣೆಯಿರಲಿಲ್ಲ. ಒಂದು ತಟ್ಟೆಯನ್ನು ಹಚ್ಚುವಾಗ ಮಾತ್ರ ಅವರು, “ಈಕಿ ನಮ್ಮ ಬೀಳಗಿಯಾಕಿ, ಸುಮ್ಮನ ಕೂತು ಕೇಳ್ರಿ” ಎನ್ನುತ್ತಿದ್ದರು. ಹಿಂದಿ ಹಾಡಿಗೂ ಬೀಳಗಿಗೂ ಏನು ಸಂಬಂಧವೆಂದು ನಾನು ಕೇಳಲೇ ಇಲ್ಲ.

ಆ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ. ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಿಂದ ಮುಂಬಯಿಗೆ ಹೋದವರು. ಅಕ್ಕ ಗೋಹರ್‌ಬಾಯಿಯವರು ಬಾಲಗಂಧರ್ವರೊಡನೆ ಮರಾಠಿ ರಂಗಭೂಮಿಯಲ್ಲಿ ಹೆಸರಾದರು. ಅಮೀರ್‌ಬಾಯಿಯವರು ಚಲನಚಿತ್ರವನ್ನು ಹಿಡಿದರು. 1943ರಲ್ಲಿ ತೆರೆಕಂಡ ಬಾಂಬೆ ಟಾಕೀಸಿನ ‘ಕಿಸ್ಮತ್’ ಚಿತ್ರ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅನಿಲ್ ಬಿಸ್ವಾಸರು ರಾಗ ಹಾಕಿದ, ಕವಿ ಪ್ರದೀಪರು ರಚಿಸಿದ ಅದರ ದೇಶಭಕ್ತಿಗೀತೆಯನ್ನು ಖಾನ್ ಮಸ್ತಾನಾರೊಡನೆ ಹಾಡಿದವರು ಇವರೇ. ಹಾಡಿನಲ್ಲಿ ಎಚ್ಚರಿಕೆಯಿದ್ದದ್ದು ಜರ್ಮನಿ, ಜಪಾನುಗಳಿಗೆ. ಆದ್ದರಿಂದ ಸೆನ್ಸಾರಿನ ಕತ್ತರಿ ತಾಗಲಿಲ್ಲ. ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಮರುವರ್ಷ ಅದನ್ನು ಕೇಳಿದ ಜನ ಅದು ಯಾರಿಗೆ ಹೇಳಿದ ಮಾತೆಂದು ಅರಿತರು. ಮುಂದೆ ‘ಶಹನಾಜ್’ (1948) ಚಿತ್ರಕ್ಕೆ ಅಮೀರ್‌ಬಾಯಿಯವರೇ ಸಂಗೀತವನ್ನೂ ನೀಡಿದರು. ಹೆಣ್ಣುಮಕ್ಕಳು ಆ ಕುರ್ಚಿಯಲ್ಲಿ ಕುಳಿತದ್ದು ಅಂದು ಬಲು ಅಪರೂಪ.

1949ರಲ್ಲಿ ‘ಮಹಲ್’, ‘ಬರಸಾತ್’ ಚಿತ್ರಗಳು ಬಂದವು. ಲತಾ ಮಂಗೇಶಕರರ ಎಳೆಯ ಕಂಠ ದೇಶವನ್ನೇ ಗೆದ್ದುಕೊಂಡಿತು. ಬೈಠಕ್ಕಿನ ಹದದಲ್ಲಿ ಮಾಗಿದ ತುಂಬು ಕಂಠಗಳು ಒಂದೊಂದಾಗಿ ಹಿಂದೆ ಸರಿದವು. ಅಮೀರ್‌ಬಾಯಿಯವರು ಸಣ್ಣಪುಟ್ಟ ಪಾತ್ರಗಳಲ್ಲಿ ಅಭಿನಯಿಸುತ್ತ 1965ರಲ್ಲಿ ತೀರಿಕೊಂಡರು.

ನನ್ನ ಹಳೆಯ ವಿದ್ಯಾರ್ಥಿಗಳೇ, ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ (1917), ಹುಯಿಲಗೋಳ ನಾರಾಯಣರಾಯರ ಗೀತೆ ಮೊಳಗಿದ 1924ರ ಬೆಳಗಾವಿ ಅಧಿವೇಶನ, 1956ರ ಏಕೀಕರಣ, 1973ರ ನಾಮಕರಣ – ಇವನ್ನೆಲ್ಲ ಕರಿಹಲಗೆಯ ಮೇಲೆ ಬರೆಸಿ ನಿಮಗೆ ಬಾಯಿಪಾಠ ಮಾಡಿಸಿದೆ. ಬೀಳಗಿಯು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, ಭೂಪಟದಲ್ಲಿ ಕರ್ನಾಟಕವೆಂಬ ರಾಜ್ಯವೇ ಇಲ್ಲದಿದ್ದಾಗ, ಒಬ್ಬ ಹೆಣ್ಣುಮಗಳು ಆ ನಾಡನ್ನು ತನ್ನ ಹೆಸರಿನೊಡನೆ ಭಾರತದ ಊರೂರಿಗೆ ಒಯ್ದಳೆಂದು ಒಮ್ಮೆಯೂ ಹೇಳಲಿಲ್ಲ. ಪಠ್ಯದಲ್ಲಿ ಇರಲಿಲ್ಲ, ನಿಜ. ಆದರೆ ದೊಡ್ಡಪ್ಪ ನನಗೆ ಹೇಳಿದ್ದರಲ್ಲ!

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗುವ ಎಂಟು ವರ್ಷ ಮೊದಲೇ ‘ಕರ್ನಾಟಕಿ’ ಕಣ್ಮುಚ್ಚಿದರು. ರಹಮತ್ ತರೀಕೆರೆಯವರು ಅವರನ್ನು ಕುರಿತು ಪುಸ್ತಕ ಬರೆದು ನಾಡಿನ ಋಣವನ್ನು ಸ್ವಲ್ಪ ತೀರಿಸಿದ್ದಾರೆ. ನಿಮ್ಮಲ್ಲಿ ಉಪಾಧ್ಯಾಯರಾದವರು ಹಲವರಿದ್ದೀರಿ. ಈ ನವೆಂಬರ್ ಒಂದರಂದು ತರಗತಿಯಲ್ಲಿ ಮೂರೇ ನಿಮಿಷ ಆ ದನಿಯನ್ನು ಕೇಳಿಸಿರಿ. ನಾನು ಬಿಟ್ಟ ಪಾಠವನ್ನು ನೀವು ಮುಗಿಸಿದಂತಾಗುತ್ತದೆ.