ಕರ್ನಾಟಕದಲ್ಲಿ ಸಂಚಾರಿ ಛಾಯಾಗ್ರಹಣ

ನಾಡು ಸುತ್ತುತ್ತ ಶಿಲ್ಪ, ನಿಸರ್ಗ, ವನ್ಯಜೀವಿಗಳ ಚಿತ್ರ ತೆಗೆಯುವ ಈ ಕಲೆ ಕರ್ನಾಟಕದಲ್ಲಿ ಗುಡಿಗಳಿಂದ ಆರಂಭವಾಗಿ, ಬಹಳ ತಡವಾಗಿ ಕಾಡು ಹೊಕ್ಕಿತು. ಮೊದಲ ಕ್ಯಾಮೆರಾಗಳಿಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಕಲ್ಲಿಗೆ ಸಾಧ್ಯವಿತ್ತು, ಜಿಂಕೆಗಲ್ಲ.

1854ರ ಡಿಸೆಂಬರಿನಲ್ಲಿ ಸೇನಾಧಿಕಾರಿ ಲಿನೇಯಸ್ ಟ್ರೈಪ್ ಮತ್ತು ವೈದ್ಯ ಆಂಡ್ರ್ಯೂ ನೀಲ್ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಲ್ಲಿ ಚಿತ್ರ ತೆಗೆದರು. ಮರುವರ್ಷ ಮುಂಬಯಿ ಸರ್ಕಾರ ಥಾಮಸ್ ಬಿಗ್ಸ್‌ನನ್ನು ಬಿಜಾಪುರ, ಬಾದಾಮಿ, ಐಹೊಳೆಗಳತ್ತ ಕಳಿಸಿತು. ಆತನ ನಂತರ ವಿಲಿಯಂ ಪಿಗೌ ಆ ಕೆಲಸ ಮುಂದುವರಿಸಿದ. ನೀಲ್, ಬಿಗ್ಸ್, ಪಿಗೌ ಮೂವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ–ಮೈಸೂರು ಪ್ರದೇಶಗಳ ವಾಸ್ತುಶಿಲ್ಪ ಕುರಿತ ಗ್ರಂಥವಾಗಿ ಬಂದವು. ಅದಕ್ಕೆ ಬರೆದವರಲ್ಲಿ ಸುರಪುರದ ಚರಿತ್ರೆಯಲ್ಲಿ ಬರುವ ಮೆಡೋಸ್ ಟೇಲರ್ ಕೂಡ ಒಬ್ಬ.

ಈ ಕಾಲದ ನಿಜವಾದ ನಿಧಿ ಮಾತ್ರ ಹಂಪಿಯದು. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದ. ಗಾಜಿನ ಫಲಕವಾಗಿದ್ದರೆ ಲೇಪ ಆರುವ ಮೊದಲೇ ಚಿತ್ರ ತೆಗೆದು, ಅಲ್ಲೇ ಡೇರೆಯ ಕತ್ತಲಲ್ಲಿ ತೊಳೆಯಬೇಕಿತ್ತು. ಮೇಣದ ಕಾಗದವನ್ನೋ ಮೊದಲೇ ಸಿದ್ಧಮಾಡಿ ಒಯ್ಯಬಹುದು. ಆ ಬಿಸಿಲಿನಲ್ಲಿ, ಆ ಬಂಡೆಗಳ ನಡುವೆ ಅದೇ ತಕ್ಕ ವಿಧಾನ. ಆತನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಮುಂದೆ ಅದನ್ನು ತೆಗೆದುಹಾಕಲಾಯಿತು. ಇಂದು 50 ರೂಪಾಯಿ ನೋಟಿನ ಮೇಲಿರುವುದು ಶಿಖರವಿಲ್ಲದ ರಥ. ಅಂಥ ಹಳೆಯ ಚಿತ್ರಗಳು ಉಳಿಯದಿದ್ದರೆ ರಥ ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಾವು ನಂಬಿಬಿಡುತ್ತಿದ್ದೆವೇನೋ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೊಲಿಂಗ್ಸ್ ಗ್ರೀನ್‌ಲಾ ಕ್ಯಾಮೆರಾ ನಿಲ್ಲಿಸಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ನಡುವಿನ ಶತಮಾನದಲ್ಲಿ ಏನು ಕುಸಿಯಿತು, ಏನನ್ನು ಮತ್ತೆ ಎತ್ತಿ ನಿಲ್ಲಿಸಿದರು ಎಂಬುದು ಕಾಣುತ್ತದೆ. ಪ್ರವಾಸದ ಚಿತ್ರ ಸಾಕ್ಷ್ಯವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ.

ಕಾಡಿನ ಚಿತ್ರಗಳಿಗೆ ಭಾರತದಲ್ಲಿ ದಾರಿ ತೋರಿದವನು ಉತ್ತರದ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್. ಪ್ರಾಣಿಗಳು ಓಡಾಡುವ ಜಾಡಿಗೆ ತಂತಿ ಕಟ್ಟಿ, ಹುಲಿ ತಾನೇ ತುಳಿದು ತನ್ನ ಚಿತ್ರ ತೆಗೆಸಿಕೊಳ್ಳುವಂತೆ ಮಾಡಿದ. 1927ರಲ್ಲಿ ಅವನ ಪುಸ್ತಕ ಬಂತು. ಬೆಂಗಳೂರಿನಲ್ಲಿ ಓ.ಸಿ. ಎಡ್ವರ್ಡ್ಸ್ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಹೆಸರು ತಂದರು. ಘೋರ್ಪಡೆ ರಾಜ್ಯದ ಹಣಕಾಸು ಸಚಿವರೂ ಆಗಿದ್ದವರು. ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿಗಳ ಬೆನ್ನುಬಿದ್ದ ಪೂರ್ಣಚಂದ್ರ ತೇಜಸ್ವಿ ಕ್ಯಾಮೆರಾವನ್ನು ಕನ್ನಡ ಓದುಗರ ಮನೆಯೊಳಕ್ಕೆ ತಂದರು. ಅವರನ್ನು ಓದಿಯೇ ಬೈನಾಕ್ಯುಲರ್ ಕೊಂಡವರು ಎಷ್ಟೋ ಮಂದಿ. ಕೃಪಾಕರ–ಸೇನಾನಿ ಜೋಡಿ ಸ್ಥಿರಚಿತ್ರದಿಂದ ಚಲನಚಿತ್ರಕ್ಕೆ ಹೊರಳಿತು. ಕಾಡುನಾಯಿಗಳ ಮೇಲಿನ ಅವರ ಚಿತ್ರಕ್ಕೆ 2010ರಲ್ಲಿ, ಗ್ರೀನ್ ಆಸ್ಕರ್ ಎಂದು ಕರೆಯಲಾಗುವ ಪಾಂಡಾ ಪ್ರಶಸ್ತಿ ಸಂದಿತು.

ಒಂದು ಹುಲಿಯ ಪಟ್ಟೆ ಇನ್ನೊಂದರಂತಿರುವುದಿಲ್ಲ ಎಂದು ಚಾಂಪಿಯನ್ ತನ್ನ ಚಿತ್ರಗಳಲ್ಲೇ ಗಮನಿಸಿದ್ದ. 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಅದೇ ಪಟ್ಟೆಗಳನ್ನು ಆಧರಿಸಿ, ಕ್ಯಾಮೆರಾ ಟ್ರ್ಯಾಪ್‌ಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನ ರೂಪಿಸಿದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಪ್ರಕರಣದಂತೆ ಅಭಯಾರಣ್ಯದೊಳಗೆ ಹೋಗಿ ಚಿತ್ರ ತೆಗೆಯಲು ಪರವಾನಗಿ ಬೇಕು. ಡಿಜಿಟಲ್ ಕ್ಯಾಮೆರಾ ಬಂದಮೇಲೆ ಸಫಾರಿ ಜೀಪುಗಳಲ್ಲಿ ಲೆನ್ಸ್‌ಗಳು ತುಂಬಿಕೊಂಡಿವೆ, ನಿಯಮಗಳೂ ಬಿಗಿಯಾಗಿವೆ. ಮರೆಯಲ್ಲಿ ಕೂತು ಗೂಡಿನ ಹಕ್ಕಿಯ ಚಿತ್ರ ತೆಗೆಯುವುದು ಹಿಂದಿನ ತಲೆಮಾರಿಗೆ ಸಹಜ ಅಭ್ಯಾಸವಾಗಿತ್ತು. ತಾಯಿಹಕ್ಕಿ ಬೆದರಿ ಗೂಡು ತೊರೆಯುವ ಅಪಾಯವಿರುವುದರಿಂದ ಅಂಥ ಚಿತ್ರಗಳನ್ನು ಈಗ ಹಲವು ಸ್ಪರ್ಧೆಗಳು ಸ್ವೀಕರಿಸುವುದಿಲ್ಲ.