ಆರೋಗ್ಯ ಕೇಂದ್ರಗಳ ಸಾರಥ್ಯ: ಮಂಡ್ಯದಿಂದ ಮುನೀರ್ಕಾದವರೆಗೆ

ನಮ್ಮ ದೇಶದ ಆರೋಗ್ಯ ಸೇವೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕಟ್ಟಡಗಳನ್ನೂ ಹಾಸಿಗೆಗಳನ್ನೂ ವೈದ್ಯರನ್ನೂ ಎಣಿಸಿದ್ದಾರೆ. ಆ ಕೇಂದ್ರಗಳ ಆಡಳಿತವನ್ನು ವಹಿಸಿದವರು ಯಾರು, ಎಂತಹ ಮನೆಗಳಿಂದ ಬಂದವರು, ಅವರನ್ನು ಆ ಹೊಣೆಗೆ ಸಿದ್ಧಗೊಳಿಸಿದ ಶಿಕ್ಷಣ ಎಂತಹುದು ಎಂಬ ಪ್ರಶ್ನೆ ಅಷ್ಟಾಗಿ ಎದ್ದಿಲ್ಲ. ಮಯೂರ್ ವಿಹಾರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ಮಾತಲ್ಲ. ನಮ್ಮ ಬಡಾವಣೆಗೆ ಹೊಂದಿಕೊಂಡೇ ೧೯೭೦ರ ದಶಕದ ಪುನರ್ವಸತಿ ಪ್ರದೇಶವಾದ ತ್ರಿಲೋಕಪುರಿ ಇದೆ. ಅಂತಹ ಕೇರಿಯಲ್ಲಿ ಹುಟ್ಟಿ, ಆರೋಗ್ಯ ಕಾರ್ಯಕರ್ತೆಯಾಗಿ ಮನೆಮನೆಯ ಬಾಗಿಲು ತಟ್ಟುವ ಹೆಣ್ಣುಮಗಳು ಮುಂದೊಂದು ದಿನ ಆರೋಗ್ಯ ಕೇಂದ್ರದ ಮುಖ್ಯಸ್ಥೆಯಾಗಬಲ್ಲಳೆ? ಈ ಪ್ರಶ್ನೆಗೆ ಚರಿತ್ರೆ ಏನು ಹೇಳುತ್ತದೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಪ್ರಾರಂಭದ ಅಧ್ಯಾಯ ನಮ್ಮ ಮೈಸೂರು ಸಂಸ್ಥಾನದ್ದೇ. ೧೯೩೦ರಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿನ ಗಮನ ಸೆಳೆದ ಸಂಸ್ಥಾನವದು. ಅದೇ ದಶಕದಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮಂಡ್ಯ ಮತ್ತು ರಾಮನಗರದ ಸೀಮೆಯಲ್ಲಿ ಗ್ರಾಮಾಂತರ ಆರೋಗ್ಯ ಘಟಕಗಳ ಪ್ರಯೋಗ ನಡೆಯಿತು. ರೋಗ ಬಂದ ಮೇಲೆ ಔಷಧಿ ಕೊಡುವುದಕ್ಕಿಂತ ಬಾರದಂತೆ ಕಾಯುವುದು ಮೇಲು ಎಂಬುದು ಆ ಘಟಕಗಳ ತತ್ತ್ವ. ದೆಹಲಿಯ ನಜಫ್‌ಗಢದಲ್ಲಿಯೂ ಬಂಗಾಳದ ಸಿಂಗೂರಿನಲ್ಲಿಯೂ ಇದೇ ಬಗೆಯ ಕೇಂದ್ರಗಳು ತಲೆಯೆತ್ತಿದವು. ರಾಮನಗರದ ಘಟಕ ಕೇವಲ ಸೇವಾಕೇಂದ್ರವಾಗಿರದೆ ತರಬೇತಿಯ ಶಾಲೆಯೂ ಆಗಿತ್ತೆಂಬುದು ಗಮನಾರ್ಹ. ಸೇವೆಯೂ ಶಿಕ್ಷಣವೂ ಒಂದೇ ಸೂರಿನಡಿ ಇರಬೇಕೆಂಬ ವಿವೇಕ ಆ ಕಾಲಕ್ಕೇ ಇತ್ತು.

ಸ್ತ್ರೀಯರ ತರಬೇತಿ ಇದಕ್ಕೂ ಹಿಂದಿನದು. ಮುಂದೆ ಲೇಡಿ ರೀಡಿಂಗ್ ಅವರ ಹೆಸರನ್ನು ಪಡೆದ ದೆಹಲಿಯ ಆರೋಗ್ಯ ಶಾಲೆ ೧೯೧೮ರಲ್ಲಿ ಸ್ಥಾಪಿತವಾಗಿ, ಮನೆಮನೆಗೆ ಭೇಟಿ ಕೊಟ್ಟು ತಾಯಿ ಮಕ್ಕಳ ಯೋಗಕ್ಷೇಮ ನೋಡುವ ಆರೋಗ್ಯ ಸಂದರ್ಶಕಿಯರನ್ನು ಸಿದ್ಧಪಡಿಸತೊಡಗಿತು. ಆದರೆ ಸಂದರ್ಶಕಿ ಎಷ್ಟೇ ಅನುಭವಿಯಾದರೂ ತನ್ನ ಕೈಕೆಳಗಿನ ಸೂಲಗಿತ್ತಿಯರ ಮೇಲ್ವಿಚಾರಣೆಯವರೆಗೆ ಏರಬಹುದಾಗಿತ್ತೇ ಹೊರತು ಕೇಂದ್ರದ ಗದ್ದುಗೆ ಅವಳ ಪಾಲಿನದಾಗಿರಲಿಲ್ಲ. ಏಣಿಯೇನೋ ಇತ್ತು, ಅದರ ಮೇಲಿನ ಮೆಟ್ಟಿಲುಗಳು ಇರಲಿಲ್ಲ.

೧೯೪೬ರಲ್ಲಿ ಸರ್ ಜೋಸೆಫ್ ಭೋರ್ ಅವರ ಸಮಿತಿ ವರದಿಯನ್ನೊಪ್ಪಿಸಿತು. ತತ್ಕಾಲಕ್ಕೆ ೪೦,೦೦೦ ಜನರಿಗೊಂದು ಪ್ರಾಥಮಿಕ ಕೇಂದ್ರವಿರಲಿ. ಅದರಲ್ಲಿ ೨ ವೈದ್ಯರು, ೪ ಸಾರ್ವಜನಿಕ ಆರೋಗ್ಯ ದಾದಿಯರು, ೪ ಪ್ರಸೂತಿ ಸಹಾಯಕಿಯರು, ತರಬೇತಾದ ೪ ಸೂಲಗಿತ್ತಿಯರು ಮತ್ತಿತರರು ಇರಲಿ ಎಂದು ಅದು ಸೂಚಿಸಿತು. ಹಳ್ಳಿಗಳಲ್ಲಿ ಜನರದೇ ಆರೋಗ್ಯ ಸಮಿತಿಗಳು ಇರಬೇಕೆಂದೂ ಹೇಳಿತು. ೧೯೫೨ರ ಅಕ್ಟೋಬರ್ ೨ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಕೇಂದ್ರಗಳು ರೂಪು ತಾಳಿದವು. ಭೋರರ ಎಣಿಕೆಯಲ್ಲಿ ಸ್ತ್ರೀಯರೇ ಹೆಚ್ಚು. ಅಧಿಕಾರದ ಕುರ್ಚಿ ಮಾತ್ರ ವೈದ್ಯನದು.

ಕೇಂದ್ರಗಳು ಸಾವಿರಗಟ್ಟಲೆ ಆದಾಗ ಅವುಗಳನ್ನು ನಡೆಸುವುದೂ ಒಂದು ವಿದ್ಯೆ ಎಂಬ ಅರಿವು ಮೂಡಿತು. ೧೯೬೪ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಆರೋಗ್ಯ ಆಡಳಿತ ಮತ್ತು ಶಿಕ್ಷಣ ಸಂಸ್ಥೆ ಹುಟ್ಟಿತು. ಅದರ ನಿರ್ದೇಶಕರಾಗಿದ್ದ ಡಾ. ಜಂಗಲ್‌ವಾಲಾ ಅವರ ಸಮಿತಿ ೧೯೬೭ರಲ್ಲಿ, ಚಿಕಿತ್ಸೆ ಮತ್ತು ರೋಗನಿವಾರಣೆಗಳೆರಡನ್ನೂ ಒಂದುಗೂಡಿಸಬೇಕು, ಏಕೀಕೃತ ವೃಂದ ಮತ್ತು ಸಮಾನ ಜ್ಯೇಷ್ಠತಾ ಕ್ರಮ ಬೇಕು, ಸಮಾನ ಕೆಲಸಕ್ಕೆ ಸಮಾನ ವೇತನ ಬೇಕು ಎಂದು ಶಿಫಾರಸು ಮಾಡಿತು. ಸಲಹೆಗಳು ಘನವಾದವು. ಆದರೆ ಅವು ಮುಖ್ಯವಾಗಿ ವೈದ್ಯವೃತ್ತಿಯೊಳಗಿನ ಒಡಕನ್ನು ಕುರಿತವು. ಈ ಸಂಸ್ಥೆ ಕುಟುಂಬ ಯೋಜನಾ ಸಂಸ್ಥೆಯೊಡನೆ ೧೯೭೭ರಲ್ಲಿ ವಿಲೀನಗೊಂಡು, ಮುನೀರ್ಕಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯಾಯಿತು.

ಇದಾದ ಮೇಲೆ ಬಂದದ್ದು ಸಮುದಾಯ ಆರೋಗ್ಯ ಕೇಂದ್ರ: ಬಯಲು ಸೀಮೆಯಲ್ಲಿ ೧,೨೦,೦೦೦ ಜನಕ್ಕೊಂದು, ಹಾಸಿಗೆ ೩೦, ತಜ್ಞ ವೈದ್ಯರು ಕೆಲವರು. ಇಲ್ಲಿ ಔಷಧಿಯ ದಾಸ್ತಾನು, ಲೆಕ್ಕಪತ್ರ, ವಾಹನ, ಸಿಬ್ಬಂದಿಯ ಸರದಿ, ರೋಗಿಗಳ ದೂರು ಎಲ್ಲವೂ ಆಡಳಿತ ವೈದ್ಯಾಧಿಕಾರಿಯ ತಲೆಯ ಮೇಲೆ. ಶಸ್ತ್ರಚಿಕಿತ್ಸೆಯಲ್ಲಿ ನುರಿತ ಕೈ ಕಡತಗಳಲ್ಲಿ ಸವೆಯುತ್ತದೆ. ಕಡತಗಳನ್ನು ಬಲ್ಲ, ಊರನ್ನೂ ಬಲ್ಲ ಹಿರಿಯ ಆರೋಗ್ಯ ಸಹಾಯಕಿ ನಿವೃತ್ತಿಯವರೆಗೂ ವರದಿ ತುಂಬುತ್ತಾಳೆ. ರೋಗಿಯ ಪ್ರಾಣದ ಹೊಣೆ ವೈದ್ಯನದಾದ್ದರಿಂದ ಅಧಿಕಾರವೂ ಅವನದಾಗಬೇಕೆಂಬ ವಾದವುಂಟು. ಈ ವಾದ ಚಿಕಿತ್ಸೆಯ ಮಟ್ಟಿಗೆ ನಿರ್ವಿವಾದ. ದಾಸ್ತಾನಿಗೂ ಸರದಿಗೂ ಅದು ಅನ್ವಯಿಸುವುದೆಂದು ಒಪ್ಪಲು ಕಾರಣವಿಲ್ಲ.

ಬೇರೆ ದಾರಿ ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಅಮೆರಿಕದ ಮಿಸಿಸಿಪಿ ಪ್ರಾಂತದ ಮೌಂಡ್ ಬಯೂ ಎಂಬಲ್ಲಿ ಡಾ. ಜ್ಯಾಕ್ ಗೀಗರ್ ಮತ್ತವರ ಸಂಗಡಿಗರು ೧೯೬೦ರ ದಶಕದಲ್ಲಿ ಬಡ ಕಪ್ಪು ಜನರಿಗಾಗಿ ಆರೋಗ್ಯ ಕೇಂದ್ರವೊಂದನ್ನು ಕಟ್ಟಿದರು. ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿದ ಎಲ್. ಸಿ. ಡಾರ್ಸಿ ಎಂಬ ಮಹಿಳೆ ಆ ಕೇಂದ್ರದ ಆಶ್ರಯದ ಕೃಷಿ ಸಹಕಾರ ಸಂಘದಲ್ಲಿ ದುಡಿದು, ಉನ್ನತ ವ್ಯಾಸಂಗ ಮಾಡಿ, ೧೯೮೮ರಲ್ಲಿ ಅದೇ ಕೇಂದ್ರದ ನಿರ್ದೇಶಕಿಯಾದರು. ಅಲ್ಲಿ ಇಂತಹ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರು ಅಲ್ಲಿಯೇ ಚಿಕಿತ್ಸೆ ಪಡೆಯುವವರಾಗಿರಬೇಕೆಂದು ಕಾನೂನೇ ವಿಧಿಸುತ್ತದೆ.

ನಮ್ಮಲ್ಲಿಯೂ ಬೀಜವಿಲ್ಲದಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೮೧ರಲ್ಲಿ ಡಾ. ಎಚ್. ಸುದರ್ಶನ್ ಅವರು ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಹೆಣ್ಣುಮಕ್ಕಳನ್ನು ಆರೋಗ್ಯ ಸಹಾಯಕಿಯರನ್ನಾಗಿ ತರಬೇತುಗೊಳಿಸಿತು. ಕಾಡಿನ ಹಾಡಿಯ ಮಗಳು ಹಾಡಿಗೇ ಮರಳಿದಾಗ ಭಾಷೆಯ ಗೋಡೆಯೂ ಸಂಕೋಚದ ಗೋಡೆಯೂ ತಾವಾಗಿ ತಗ್ಗುವುವು. ೧೯೯೬ರಲ್ಲಿ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಕೇಂದ್ರದ ಆಡಳಿತವನ್ನು ವಹಿಸಿಕೊಂಡು, ಸರ್ಕಾರದ ಹಣದಲ್ಲಿಯೇ ಬೇರೊಂದು ಬಗೆಯ ಆಡಳಿತ ಸಾಧ್ಯವೆಂದು ತೋರಿಸಿತು. ೨೦೧೮ರ ಆಯುಷ್ಮಾನ್ ಭಾರತ ಯೋಜನೆ ಉಪಕೇಂದ್ರದ ಮುಂದಾಳ್ತನವನ್ನು ದಾದಿಯರಿಗೂ ತೆರೆಯಿತು. ಇದು ಕೆಳಗಿನ ಮೆಟ್ಟಿಲು. ಅಲ್ಲಿಂದ ಮೇಲಕ್ಕೆ ಹತ್ತುವ ದಾರಿಯನ್ನು ಇನ್ನೂ ಕಟ್ಟಬೇಕಾಗಿದೆ.

ನಮ್ಮವರಿಗೆ ತರಬೇತಿಯ ಕೊರತೆ ಎಂದೂ ಇರಲಿಲ್ಲವೆಂದು ಈ ನೂರು ವರ್ಷಗಳ ಚರಿತ್ರೆ ಸಾರುತ್ತದೆ. ಕೊರತೆ ಇದ್ದದ್ದು ತರಬೇತಿಯಿಂದ ಅಧಿಕಾರಕ್ಕೆ ಒಯ್ಯುವ ಸೇತುವೆಯಲ್ಲಿ. ವೃಂದ ಮತ್ತು ನೇಮಕಾತಿಯ ನಿಯಮಗಳು ಸಚಿವಾಲಯಗಳಲ್ಲಿ ಬರೆಯಲ್ಪಡುತ್ತವೆ; ಅವುಗಳ ಭಾಷೆಯನ್ನು ಬಲ್ಲವರು ರಾಜಧಾನಿಯ ಕನ್ನಡಿಗರಲ್ಲಿ ಅನೇಕರಿದ್ದಾರೆ. ದುಡಿಯುತ್ತಿರುವ ಆರೋಗ್ಯ ಸಹಾಯಕಿಯರಿಗೆ ಆಡಳಿತ ವ್ಯಾಸಂಗಕ್ಕಾಗಿ ಸಂಘದ ವತಿಯಿಂದ ಒಂದು ವಿದ್ಯಾರ್ಥಿವೇತನ, ಮುನೀರ್ಕಾದಂತಹ ಸಂಸ್ಥೆಗಳಲ್ಲಿ ಕಲಿಯಲು ಬರುವ ಕನ್ನಡದ ಹೆಣ್ಣುಮಕ್ಕಳಿಗೆ ನಮ್ಮ ಮನೆಗಳಲ್ಲಿ ಒಂದಿಷ್ಟು ಆಸರೆ: ಇವು ನಮ್ಮ ಶಕ್ತಿಗೆ ಮೀರಿದವುಗಳಲ್ಲ. ರಾಮನಗರದ ಆರೋಗ್ಯ ಘಟಕ ತೊಡಗಿದ ಕೆಲಸ ಅರ್ಧಕ್ಕೆ ನಿಂತಿದೆ. ಉಳಿದರ್ಧ ನಮ್ಮ ಪೀಳಿಗೆಯ ಹೊಣೆ.