ಒಂದು ವರ್ಷವೂ ಬಾಳದ ಮಚೀಡಾ ಯುಗ

2009ರ ಮೇ 23ರಂದು ಲಾಸ್ ವೇಗಸ್‌ನಲ್ಲಿ ಲಿಯೋಟೊ ಮಚೀಡಾ ಎರಡನೇ ರೌಂಡಿನಲ್ಲಿ ರಶಾದ್ ಇವಾನ್ಸ್‌ನ ಪ್ರಜ್ಞೆ ತಪ್ಪಿಸಿ ಮಿಶ್ರ ಸಮರ ಕಲೆಯ (ಎಂಎಂಎ) ಸಂಸ್ಥೆ ಯುಎಫ್‌ಸಿಯ ಲೈಟ್ ಹೆವಿವೇಟ್ ಪಟ್ಟ ಗೆದ್ದ. ಮಾತಾಡಿಸಲು ಪಂಜರದೊಳಗೆ ಬಂದ ವೀಕ್ಷಕ ವಿವರಣೆಕಾರ ಜೋ ರೋಗನ್, ಇದೋ ‘ಮಚೀಡಾ ಯುಗ’ ಬಂತು ಎಂದು ಸಾರಿದ. ಆ ರಾತ್ರಿ ಅದನ್ನು ಉತ್ಪ್ರೇಕ್ಷೆ ಎಂದವರು ವಿರಳ. ಬ್ರೆಜಿಲ್‌ನ ಬೆಲೆಂ ನಗರದಲ್ಲಿ, ಜಪಾನಿನಿಂದ ವಲಸೆ ಬಂದ ತಂದೆ ಯೋಶಿಜೊ ಅವರಿಂದಲೇ ಶೋಟೋಕಾನ್ ಕರಾಟೆ ಕಲಿತ ಮಚೀಡಾ ಅಲ್ಲಿಯವರೆಗೆ ಮಿಶ್ರ ಸಮರ ಕಲೆಯ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಹೊಡೆಯಲು ಬಂದವರಿಗೆ ಅವನು ಸಿಗುತ್ತಲೇ ಇರಲಿಲ್ಲ. ಅಂಥವನನ್ನು 2010ರ ಮೇ 8ರಂದು ಮಾಂಟ್ರಿಯಲ್‌ನಲ್ಲಿ ಮುವಾಯ್ ಥಾಯ್‌ನಲ್ಲಿ ಪಳಗಿದ ಮೌರಿಸಿಯೊ ‘ಶೋಗನ್’ ರುವಾ ಮೊದಲ ರೌಂಡಿನ 3 ನಿಮಿಷ 35 ಸೆಕೆಂಡಿಗೆ ನಾಕ್‌ಔಟ್ ಮಾಡಿದ. ಯುಗವೊಂದು ಹನ್ನೆರಡು ತಿಂಗಳು ತುಂಬುವ ಮೊದಲೇ ಮುಗಿದುಹೋಯಿತು. ಭವಿಷ್ಯ ಹೇಳಿದವರು ಎಡವಿದ್ದೆಲ್ಲಿ? ಅವರು ಕರಾಟೆ ಮತ್ತು ಮುವಾಯ್ ಥಾಯ್‌ಗಳನ್ನು ಎರಡು ತಟ್ಟೆಗಳಲ್ಲಿಟ್ಟು ತೂಗಿದರು. ಇಬ್ಬರ ನಡುವಿನ ಅಂತರ ಯಾರ ಹಿಡಿತದಲ್ಲಿದೆ, ಆ ಹಿಡಿತ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ನೋಡಲಿಲ್ಲ. ಗುದ್ದು ಒದೆತಗಳನ್ನೇ ನಂಬಿದ ಇಬ್ಬರು ಎದುರಾದಾಗ ಫಲಿತಾಂಶ ನಿರ್ಧಾರವಾಗುವುದು ಬಹುಮಟ್ಟಿಗೆ ಅಲ್ಲೇ ಎಂಬುದು ನನ್ನ ವಾದ. ಇದಕ್ಕೆ ಸಾಕ್ಷ್ಯ ಯುಎಫ್‌ಸಿಗಿಂತ ಹಳೆಯದು.

1964ರಲ್ಲಿ ಜಪಾನಿನ ಕ್ಯೋಕುಶಿನ್ ಕರಾಟೆಯ ಮೂವರು ಬ್ಯಾಂಕಾಕ್‌ನ ಲುಂಪಿನಿ ಕ್ರೀಡಾಂಗಣಕ್ಕೆ ಹೋಗಿ ಮೂವರು ಥಾಯ್ ಪಟುಗಳನ್ನು ಎದುರಿಸಿದರು. ಎರಡು ಪಂದ್ಯ ಜಪಾನಿಗೆ, ಒಂದು ಥಾಯ್ಲೆಂಡ್‌ಗೆ. ಕರಾಟೆಯೇ ಮೇಲು ಎಂದು ಹೇಳಿಕೊಳ್ಳಲು ಅಷ್ಟು ಸಾಕಾಗಿತ್ತು. ಆದರೆ ಇತಿಹಾಸದ ದೃಷ್ಟಿಯಿಂದ ಮುಖ್ಯವಾದದ್ದು ಸೋತ ಆ ಒಂದು ಪಂದ್ಯ. ತರಬೇತುದಾರನಾಗಿ ಹೋಗಿ ತಾನೇ ರಿಂಗ್‌ಗೆ ಇಳಿಯಬೇಕಾಗಿ ಬಂದ ಕೆಂಜಿ ಕುರೊಸಾಕಿ, ತೀರಾ ಹತ್ತಿರದಿಂದ ಬಂದ ಮೊಣಕೈ ಏಟಿಗೆ ಬಿದ್ದ. ಕರಾಟೆಯವರು ದೂರದಿಂದ ಒಳನುಗ್ಗಿ ಹೊಡೆಯುವುದನ್ನು ಕಲಿತಿದ್ದರೇ ಹೊರತು, ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತು ಹೊಡೆದಾಡುವುದನ್ನಲ್ಲ. ಕುರೊಸಾಕಿ ಆ ಸೋಲನ್ನು ಮರೆಯಲಿಲ್ಲ. ಟೋಕಿಯೊದಲ್ಲಿ ಮೆಜಿರೊ ಜಿಮ್ ಕಟ್ಟಿ ಎರಡೂ ಅಂತರಗಳಲ್ಲಿ ಹೊಡೆಯಬಲ್ಲವರನ್ನು ತಯಾರು ಮಾಡಿದ. ಅವನ ಬಳಿ ಕಲಿತ ಯಾನ್ ಪ್ಲಾಸ್ 1978ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಅದೇ ಹೆಸರಿನ ಜಿಮ್ ತೆರೆದ. ಡಚ್ ಕಿಕ್‌ಬಾಕ್ಸಿಂಗ್‌ನ ದೊಡ್ಡ ಪರಂಪರೆಯೊಂದು ಬೆಳೆದದ್ದು ಅಲ್ಲಿಂದ. ಎರಡಕ್ಕೆ ಒಂದು ಎಂಬ ಲೆಕ್ಕವನ್ನಷ್ಟೇ ನೋಡಿದವನಿಗೆ ಇದರ ಸುಳಿವೂ ಸಿಗುತ್ತಿರಲಿಲ್ಲ.

1988ರ ಲಾಸ್ ವೇಗಸ್ ಪಂದ್ಯ ಇನ್ನೂ ಸ್ಪಷ್ಟ ಪಾಠ. ಅಮೆರಿಕದ ರಿಕ್ ರೂಫಸ್ ಆಗಿನ ಅಮೆರಿಕನ್ ಕಿಕ್‌ಬಾಕ್ಸಿಂಗ್‌ನ ಹೊಳೆಯುವ ನಕ್ಷತ್ರ. ಆ ಪದ್ಧತಿಯಲ್ಲಿ ಸೊಂಟದ ಕೆಳಗೆ ಒದೆಯುವಂತಿಲ್ಲ. ಥಾಯ್ಲೆಂಡ್‌ನ ಚಾಂಗ್‌ಪುಯೆಕ್ ಕಿಯಾಟ್‌ಸೊಂಗ್ರಿಟ್ ವಿರುದ್ಧ ಮಾತ್ರ ತೊಡೆಗೆ ಒದೆಯುವುದಕ್ಕೆ ರೂಫಸ್‌ನ ಕಡೆಯವರು ಒಪ್ಪಿಕೊಂಡರು. ಮೊದಲ ರೌಂಡಿನಲ್ಲಿ ರೂಫಸ್‌ನ ಕೈವೇಗಕ್ಕೆ ಚಾಂಗ್‌ಪುಯೆಕ್ ಉರುಳಿಬಿದ್ದ, ದವಡೆ ಮುರಿಯಿತು. ಅಲ್ಲಿಗೇ ನಿಲ್ಲಿಸಿ ಕೇಳಿದ್ದರೆ ಸಭಿಕರೆಲ್ಲ ಒಂದೇ ಹೆಸರು ಹೇಳುತ್ತಿದ್ದರು. ಥಾಯ್ ಪಟು ಮುರಿದ ದವಡೆಯಲ್ಲೇ ನಿಂತು ತೊಡೆಗೆ ಒದೆಯುತ್ತಾ ಹೋದ. ಒಂದೊಂದು ಒದೆತವೂ ರೂಫಸ್‌ನ ಚಲನೆಯಿಂದ ಒಂದಿಷ್ಟನ್ನು ಕಿತ್ತುಕೊಂಡಿತು. ನಾಲ್ಕನೇ ರೌಂಡಿನ ಹೊತ್ತಿಗೆ ಅವನಿಗೆ ಕಾಲೂರಿ ನಿಲ್ಲುವುದೇ ಕಷ್ಟವಾಗಿ ಪಂದ್ಯ ನಿಂತಿತು. ರೂಫಸ್‌ನ ಕೈಗಳು ಕೊನೆಯವರೆಗೂ ಚಾಂಗ್‌ಪುಯೆಕ್‌ನ ಕೈಗಳಿಗಿಂತ ಚುರುಕಾಗಿಯೇ ಇದ್ದವು, ಆದರೆ ಆ ಕೈಗಳನ್ನು ಎದುರಾಳಿಯ ಹತ್ತಿರಕ್ಕೆ ಹೊತ್ತೊಯ್ಯಬೇಕಿದ್ದ ಕಾಲುಗಳು ಹೋಗಿದ್ದವು. ರಿಕ್‌ನ ತಮ್ಮ ಡ್ಯೂಕ್ ಮುಂದೆ ಮುವಾಯ್ ಥಾಯ್ ಅನ್ನೇ ಹಿಡಿದು ಮಿಲ್ವಾಕಿಯಲ್ಲಿ ಯುಎಫ್‌ಸಿ ಚಾಂಪಿಯನ್ನರನ್ನು ತಯಾರು ಮಾಡಿದ. ಸೋತ ಮನೆಯವರಿಗೆ ಅರ್ಥವಾದದ್ದು ಪಣ ಕಟ್ಟುವವರಿಗೆ ಅರ್ಥವಾಗಲು ಇನ್ನೂ ಎರಡು ದಶಕ ಬೇಕಾಯಿತು.

ಇಲ್ಲಿ ನಿಯಮದ ಮಾತು ಬರುತ್ತದೆ, ಅದನ್ನು ಬಿಟ್ಟು ಅಂತರದ ಮಾತಾಡುವಂತಿಲ್ಲ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಒಬ್ಬ ಜಟ್ಟಿಯ ತಲೆಯಿಂದ ರಕ್ತ ಬಂದೊಡನೆ ಪಂದ್ಯ ಮುಗಿಯುತ್ತದೆ. ಅಂಥ ಕಾಳಗದಲ್ಲಿ ನಾಲ್ಕನೇ ರೌಂಡಿಗೆಂದು ಶಕ್ತಿ ಉಳಿಸಿಕೊಳ್ಳುವ ಮಾತೇ ಇಲ್ಲ. ಜಪಾನಿನ ಪ್ರೈಡ್ ಸಂಸ್ಥೆಯ ಪಂದ್ಯಗಳಲ್ಲಿ ಮೊದಲ ರೌಂಡು ಹತ್ತು ನಿಮಿಷ, ನಡೆಯುತ್ತಿದ್ದದ್ದು ಹಗ್ಗ ಕಟ್ಟಿದ ಚೌಕ ರಿಂಗ್‌ನಲ್ಲಿ, ಕೆಳಗೆ ಬಿದ್ದವನ ತಲೆಯನ್ನು ತುಳಿಯಲೂ ಒದೆಯಲೂ ಅವಕಾಶವಿತ್ತು. ರುವಾ ಬೆಳೆದದ್ದು ಆ ನಿಯಮಗಳಲ್ಲಿ. ಕುರಿಟಿಬಾದ ಶೂಟ್ ಬಾಕ್ಸ್ ಅಕಾಡೆಮಿಯ ಮುವಾಯ್ ಥಾಯ್ ಎಂದರೆ ಎದುರಾಳಿಯನ್ನು ಮೂಲೆಗೆ ಒತ್ತಿ ಉಸಿರಾಡಲು ಬಿಡದೆ ಹೊಡೆಯುವ ಪಾಠ. ಅದರ ಬಲದಿಂದ ಅವನು 2005ರ ಪ್ರೈಡ್ ಗ್ರ್ಯಾನ್ ಪ್ರಿ ಗೆದ್ದ. ಯುಎಫ್‌ಸಿಯದು ಎಂಟು ಮೂಲೆಯ ಪಂಜರ. ಮೂಲೆಗಳು ಅಗಲವಾಗಿರುವುದರಿಂದ ಹಿಂದೆ ಸರಿಯುವವನನ್ನು ಸಿಕ್ಕಿಸುವುದು ಕಷ್ಟ. ತುಳಿತಕ್ಕೆ ನಿಷೇಧ. ಪ್ರತಿ ರೌಂಡಿಗೂ ಬೇರೆ ಅಂಕ. 2007ರಲ್ಲಿ ಇಲ್ಲಿಗೆ ಬಂದ ರುವಾ ಮೊದಲ ಪಂದ್ಯದಲ್ಲೇ ಫಾರೆಸ್ಟ್ ಗ್ರಿಫಿನ್‌ಗೆ ಸೋತ, ಮಂಡಿಯ ಶಸ್ತ್ರಚಿಕಿತ್ಸೆಗಳೂ ಅವನನ್ನು ಹಣ್ಣು ಮಾಡಿದವು. ಹಾಗಾಗಿ 2009ರ ಅಕ್ಟೋಬರ್ 24ರಂದು ಲಾಸ್ ಏಂಜಲೀಸ್‌ನಲ್ಲಿ ಮಚೀಡಾನನ್ನು ಎದುರಿಸುವಾಗ ಅವನ ಮೇಲೆ ಭರವಸೆ ಇಟ್ಟವರು ಕೆಲವರೇ. ಹಳೆಯ ರುವಾ ನುಗ್ಗುತ್ತಾನೆ, ನುಗ್ಗುವವರನ್ನೇ ಮಚೀಡಾ ತಿನ್ನುವುದು ಎಂಬುದು ಎಲ್ಲರ ಲೆಕ್ಕ.

ಲೆಕ್ಕದ ಎರಡನೇ ಭಾಗ ಸರಿಯಾಗಿತ್ತು. ಮಚೀಡಾ ಬಲಗಾಲು ಮುಂದಿಟ್ಟು, ಎಡಗೈ ಹಿಂದಿಟ್ಟು, ಎದುರಾಳಿಯ ಏಟು ಮುಟ್ಟದಷ್ಟು ಆಚೆ ನಿಲ್ಲುತ್ತಿದ್ದ. ಎದುರಾಳಿ ನುಗ್ಗಿದರೆ ತಲೆ ಹಿಂದಕ್ಕೆ ಎಳೆದು ನೇರ ಹಿಂದೆ ಸರಿದು, ಅವನ ನುಗ್ಗಾಟ ಮುಗಿಯುವ ಗಳಿಗೆಗೆ ಸರಿಯಾಗಿ ಎಡಗೈ ಗುದ್ದು ಕೊಡುತ್ತಿದ್ದ. ರುವಾ ಮಾಡಿದ ಕೆಲಸ ಸರಳ, ಮಾಡಲು ಮಾತ್ರ ತಾಳ್ಮೆ ಬೇಕು. ಅವನು ನುಗ್ಗಲಿಲ್ಲ. ಒಂದೊಂದೇ ಹೆಜ್ಜೆ ಮುಂದಿಟ್ಟು ಗುದ್ದುವಂತೆ ಮಾಡಿ, ಮಚೀಡಾನ ತಲೆ ಹಿಂದೆ ಸರಿದಾಗ ತಲೆಯ ಗೊಡವೆ ಬಿಟ್ಟು ಕಾಲಿಗೂ ಪಕ್ಕೆಗೂ ಒದ್ದ. ತಲೆ ಎಷ್ಟು ಬೇಗ ತಪ್ಪಿಸಿಕೊಂಡರೂ ಮೈಭಾರ ಹೊತ್ತ ಕಾಲು ಅಷ್ಟು ಬೇಗ ತಪ್ಪಿಸಿಕೊಳ್ಳಲಾರದು. ಐದು ರೌಂಡ್ ಮುಗಿಯುವಾಗ ಮಚೀಡಾನ ಪಕ್ಕೆ ಕೆಂಪೇರಿತ್ತು. ಹೆಚ್ಚು ಏಟು ತಾಗಿಸಿದ್ದು ರುವಾ. ಮೂವರು ತೀರ್ಪುಗಾರರೂ 48-47 ಎಂದು ಮಚೀಡಾನಿಗೇ ಕೊಟ್ಟರು, ಸಭಾಂಗಣ ಕೂಗಿ ಪ್ರತಿಭಟಿಸಿತು. ಆ ತೀರ್ಪು ತಪ್ಪೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ದಾಖಲೆಯಲ್ಲಿ ಅದು ಮಚೀಡಾನ ಗೆಲುವು, ಮತ್ತು ಮರುಪಂದ್ಯಕ್ಕೆ ಭವಿಷ್ಯ ಹೇಳುವಾಗ ಅನೇಕರು ದಾಖಲೆಯನ್ನು ನೋಡಿದರೇ ವಿನಾ ಪಕ್ಕೆಯನ್ನಲ್ಲ. ಒದೆತದ ಬೆಲೆ ಗೊತ್ತಾದ ಮಚೀಡಾ ಮಾಂಟ್ರಿಯಲ್‌ನಲ್ಲಿ ಕಾಯುತ್ತಾ ಕೂರಲಿಲ್ಲ. ತಾನೇ ಎಡಗೈ ಚಾಚಿ ಒಳಬಂದ. ಆ ಕೈಯ ಮೇಲಿನಿಂದ ಬಳಸಿ ಬಂದ ರುವಾನ ಬಲಗೈ ಅವನ ತಲೆಯ ಬದಿಗೆ ಬಡಿಯಿತು. ಮೊದಲ ಪಂದ್ಯ ಕಿತ್ತುಕೊಂಡದ್ದು ಮಚೀಡಾನ ಅಂತರವನ್ನು; ಎರಡನೆಯದರಲ್ಲಿ ಅವನು ಬೇರೊಬ್ಬರ ಅಂತರದಲ್ಲಿ ಸಿಕ್ಕಿಬಿದ್ದ.

ಇದನ್ನು ಒಪ್ಪದವರ ಮೊದಲ ಆಕ್ಷೇಪ ಅದೃಷ್ಟದ್ದು. ಎಂಎಂಎ ಕೈಗವಸಿನ ತೂಕ ನಾಲ್ಕು ಔನ್ಸ್, ಬಾಕ್ಸಿಂಗ್‌ನದು ಅದರ ಎರಡು ಪಟ್ಟು ಇಲ್ಲವೇ ಅದಕ್ಕೂ ಹೆಚ್ಚು. ಮುಖ ಮರೆಮಾಡಿಕೊಳ್ಳಲು ಆ ಸಣ್ಣ ಗವಸು ಸಾಲದು, ಬೆರಳಿನಷ್ಟು ಸಂದಿಯಲ್ಲಿ ಗುದ್ದು ತೂರುತ್ತದೆ. ಒಂದೇ ಏಟಿಗೆ ಮುಗಿಯುವ ಆಟದಲ್ಲಿ ಭವಿಷ್ಯ ಹೇಳುವುದಾದರೂ ಹೇಗೆ? ಈ ಆಕ್ಷೇಪಕ್ಕೆ ತೂಕವಿದೆ. ಇಸ್ರೇಲ್ ಅಡೆಸಾನ್ಯ ಮತ್ತು ಅಲೆಕ್ಸ್ ಪೆರೇರಾ ನಡುವಿನ ನಾಲ್ಕು ಕಾಳಗಗಳು ಅದಕ್ಕೆ ಒಳ್ಳೆಯ ಪರೀಕ್ಷೆ. 2016ರಲ್ಲಿ ಚೀನಾದಲ್ಲಿ ಕಿಕ್‌ಬಾಕ್ಸಿಂಗ್ ನಿಯಮದಡಿ ಪೆರೇರಾ ಅಂಕಗಳ ಮೇಲೆ ಗೆದ್ದ. 2017ರಲ್ಲಿ ಸಾವೊ ಪಾಲೊದಲ್ಲಿ ಅಡೆಸಾನ್ಯ ಮೇಲುಗೈ ಸಾಧಿಸಿದ್ದಾಗಲೇ ಪೆರೇರಾನ ಎಡಗೈ ಹುಕ್ ಅವನನ್ನು ನೆಲಕ್ಕೆ ಹಾಕಿತು. 2022ರ ನವೆಂಬರ್ 12ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಈ ಸಲ ಯುಎಫ್‌ಸಿ ಪಟ್ಟಕ್ಕಾಗಿ, ನಾಲ್ಕು ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಹಾಳೆಯಲ್ಲೂ ಅಡೆಸಾನ್ಯ ಮುಂದಿದ್ದ. ಐದನೆಯ ರೌಂಡಿನಲ್ಲಿ ಪೆರೇರಾ ಅವನನ್ನು ಬೇಲಿಗೊತ್ತಿ ಹೊಡೆದು 2 ನಿಮಿಷ 1 ಸೆಕೆಂಡಿಗೆ ಮುಗಿಸಿದ. ಇದು ಅದೃಷ್ಟವೆನ್ನುವುದಾದರೆ ಅದೇ ಅದೃಷ್ಟ ಒಂದೇ ದಾರಿಯಲ್ಲಿ ಎರಡು ಸಲ ಬಂದಿತೇಕೆ? ಮೀನಖಂಡಕ್ಕೆ ಬಿದ್ದ ಒದೆತಗಳಿಂದ ಅಡೆಸಾನ್ಯನ ಕಾಲು ನಿಧಾನವಾಯಿತು, ಕಾಲು ನಿಧಾನವಾದ ಮೇಲೆ ಅವನು ಬಯಸಿದ ದೂರ ಉಳಿಯಲಿಲ್ಲ. ನಾಲ್ಕನೇ ಸಲ, 2023ರ ಏಪ್ರಿಲ್ 8ರಂದು ಮಯಾಮಿಯಲ್ಲಿ, ಅಡೆಸಾನ್ಯ ಬೇಲಿಗೆ ಬೆನ್ನು ಕೊಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಏಟು ತಿಂದವನು ಹಾಗೆ ನಿಂತರೆ ಪೆರೇರಾ ಮುಗಿಸಲು ಒಳಗೆ ಬಂದೇ ಬರುತ್ತಾನೆಂಬುದು ಅವನಿಗೆ ಎರಡು ಸೋಲುಗಳಲ್ಲಿ ತಿಳಿದಿತ್ತು. ಪೆರೇರಾ ಬಂದ, ಮೊಣಕಾಲು ಎತ್ತಿದ, ಆ ಹತ್ತಿರದಲ್ಲಿ ಅಡೆಸಾನ್ಯನ ಬಲಗೈ ಅವನನ್ನು ಎರಡನೇ ರೌಂಡಿನಲ್ಲೇ ಮಲಗಿಸಿತು. ಅವರಿಬ್ಬರ ಶೈಲಿ ಬದಲಾಗಿರಲಿಲ್ಲ. ಹತ್ತಿರ ಬರುವುದು ಯಾರ ಇಚ್ಛೆಯಿಂದ ಎಂಬುದು ಬದಲಾಗಿತ್ತು.

ಎರಡನೇ ಆಕ್ಷೇಪ, ಈಗ ಶೈಲಿಗಳೇ ಉಳಿದಿಲ್ಲ, ಎಲ್ಲರೂ ಎಲ್ಲವನ್ನೂ ಕಲಿತಿರುತ್ತಾರೆ ಎಂಬುದು. ಕಲಿತಿರುತ್ತಾರೆ ನಿಜ. ಆದರೆ ಒತ್ತಡ ಬಂದಾಗ ಕಾಲು ಹೋಗುವುದು ಮೊದಲು ಕಲಿತ ಜಾಗಕ್ಕೆ. 2018ರ ಮೇನಲ್ಲಿ ಲಿವರ್‌ಪೂಲ್‌ನಲ್ಲಿ ಕರಾಟೆಯ ಸ್ಟೀಫನ್ ಥಾಂಪ್ಸನ್, ಮುವಾಯ್ ಥಾಯ್‌ನ ಡ್ಯಾರೆನ್ ಟಿಲ್ ಎದುರಾದಾಗ ಮೈನವಿರೇಳಿಸುವ ಕಾಳಗದ ಭರವಸೆ ಕೊಟ್ಟವರೇ ಎಲ್ಲ. ಇಬ್ಬರೂ ಎದುರಾಳಿ ಮೊದಲು ಬರಲೆಂದು ಕಾದವರು. ಐದು ರೌಂಡುಗಳಲ್ಲಿ ತಾಗಿದ ಏಟುಗಳು ಕಡಿಮೆ, ತೀರ್ಪು ಟಿಲ್‌ಗೆ ಹೋಯಿತು, ಅದರ ಬಗ್ಗೆ ತಕರಾರು ಉಳಿಯಿತು. ಶೈಲಿಗಳು ನಿಜವಾಗಿ ಕರಗಿಹೋಗಿದ್ದರೆ ಇಬ್ಬರಲ್ಲೊಬ್ಬನಾದರೂ ಬೇರೆ ಆಟ ಆಡಬೇಕಿತ್ತು. ಮೂರನೆಯ ಆಕ್ಷೇಪ, ಜನ ಹೆಸರಿಸಿದ ಫೇವರಿಟ್‌ಗಳೇ ಬಹುಪಾಲು ಗೆಲ್ಲುತ್ತಾರಲ್ಲ ಎಂಬುದು. ಗೆಲ್ಲುತ್ತಾರೆ, ಏಕೆಂದರೆ ಬಹುಪಾಲು ಪಂದ್ಯಗಳಲ್ಲಿ ಒಬ್ಬ ಇನ್ನೊಬ್ಬನಿಗಿಂತ ಒಟ್ಟಾರೆ ಮೇಲು. ಭವಿಷ್ಯದ ಕಲೆಗೆ ಪರೀಕ್ಷೆ ಬರುವುದು ಇಬ್ಬರೂ ಸಮರ್ಥರಾದಾಗ.

ಅಂಥ ಪರೀಕ್ಷೆಯಲ್ಲಿ ಬಹಳ ಜನ ಇವನು ಅವನನ್ನು ಸೋಲಿಸಿದ್ದಾನೆ, ಅವನು ಇನ್ನೊಬ್ಬನನ್ನು ಸೋಲಿಸಿದ್ದಾನೆ, ಆದ್ದರಿಂದ ಇವನೇ ಮೇಲು ಎಂಬ ಏಣಿ ಹತ್ತುತ್ತಾರೆ. ಬಾಕ್ಸಿಂಗ್ ಈ ಏಣಿಯನ್ನು 1970ರ ದಶಕದಲ್ಲೇ ಮುರಿದಿತ್ತು. ಜೋ ಫ್ರೇಜರ್ 1971ರಲ್ಲಿ, ಕೆನ್ ನಾರ್ಟನ್ 1973ರಲ್ಲಿ ಮುಹಮ್ಮದ್ ಅಲಿಯನ್ನು ಸೋಲಿಸಿದರು. ಆ ಇಬ್ಬರನ್ನೂ ಜಾರ್ಜ್ ಫೋರ್‌ಮನ್ ಎರಡೆರಡು ರೌಂಡಿನಲ್ಲಿ ಮುಗಿಸಿದ. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿ ಫೋರ್‌ಮನ್‌ನನ್ನು ಎಂಟನೇ ರೌಂಡಿನಲ್ಲಿ ಕೆಡವಿದ. ಹಗ್ಗಕ್ಕೊರಗಿ ಫೋರ್‌ಮನ್‌ನ ಗುದ್ದುಗಳನ್ನು ತೋಳಿನ ಮೇಲೆ ತೆಗೆದುಕೊಂಡು, ಅವನ ಶಕ್ತಿ ಬಸಿದುಹೋಗುವವರೆಗೆ ಕಾದದ್ದೂ ಅಂತರವನ್ನು ಹಿಡಿಯುವ ಒಂದು ಬಗೆಯೇ. ಎಂಎಂಎಯಲ್ಲಿ ಇದೇ ತ್ರಿಕೋನ ಐವತ್ತು ವರ್ಷದ ನಂತರ ಮತ್ತೆ ಎದ್ದಿತು. 2022ರ ಜುಲೈ 2ರಂದು ಪೆರೇರಾ, ಶಾನ್ ಸ್ಟ್ರಿಕ್‌ಲ್ಯಾಂಡ್‌ನನ್ನು ಮೊದಲ ರೌಂಡಿನಲ್ಲೇ ಎಡಗೈ ಹುಕ್‌ನಿಂದ ಬೀಳಿಸಿದ. ಆ ಪೆರೇರಾನನ್ನು ಅಡೆಸಾನ್ಯ ಮಲಗಿಸಿದ. ಹಾಗಾಗಿ 2023ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯಲ್ಲಿ ಅಡೆಸಾನ್ಯನ ಎದುರು ಸ್ಟ್ರಿಕ್‌ಲ್ಯಾಂಡ್‌ನನ್ನು ಗೆಲ್ಲಬಲ್ಲವನೆಂದು ಗಣಿಸಿದವರು ಬೆರಳೆಣಿಕೆಯವರು. ಅವನು ಬೆನ್ನು ನೆಟ್ಟಗಿಟ್ಟು, ಎಡ ಭುಜದಲ್ಲಿ ಗದ್ದ ಮರೆಸಿ, ಬಲ ಅಂಗೈಯಿಂದ ಏಟುಗಳನ್ನು ತಟ್ಟಿಹಾಕುತ್ತಾ ಐದೂ ರೌಂಡು ಮುಂದೆ ನಡೆದ. ಎಡಗೈ ಜ್ಯಾಬ್ ಬಿಡದೆ ಕೊಟ್ಟ. ದೂರದಲ್ಲಿ ಹುಸಿ ಚಲನೆಗಳಿಂದ ಎದುರಾಳಿಯನ್ನು ಆಡಿಸುವ ಅಡೆಸಾನ್ಯನಿಗೆ ಆ ದೂರವೇ ಸಿಗಲಿಲ್ಲ. ಮೊದಲ ರೌಂಡಿನ ಕೊನೆಗೆ ಅವನು ನೆಲಕ್ಕೂ ಬಿದ್ದ. ಮೂವರು ತೀರ್ಪುಗಾರರದೂ 49-46. ಸ್ಟ್ರಿಕ್‌ಲ್ಯಾಂಡ್ ಸಿಡ್ನಿಗೆಂದು ಹೊಸತೇನನ್ನೂ ತಂದಿರಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಪೆರೇರಾನ ಹುಕ್‌ನ ಅಳತೆಯೊಳಗೆ ಅವನನ್ನು ಕೊಂಡೊಯ್ದದ್ದೂ ಅದೇ ನೆಟ್ಟಗಿನ ಬೆನ್ನಿನ, ಮುಂದೆ ಮುಂದೆ ಹೋಗುವ ನಡಿಗೆ.